ಮೊದಲನೇ ಪಾಠದಿಂದ ಮತ್ತೆ

ಫೋರಿಯರ್ ಸೀರೀಸ್ ನಮ್ಮನ್ನೆಲ್ಲ ಎಷ್ಟು ಕಾಡಿದೆ ಅಂತ ಹೇಳಬೇಕಾಗಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ನೇವಿಯರ್-ಸ್ಟೋಕ್ಸ್ ಈಕ್ವೇಶನ್ ಕೂಡ ಗೊತ್ತು. ಈ ಫೋರಿಯರ್ ಮತ್ತು ನೇವಿಯರ್ ಇಬ್ಬರೂ 1829ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಯುವಕನ ಲೆಕ್ಚರ್ ಕೇಳೋಕೆ ಹೋಗಿ ಕೂರ್ತಿದ್ರು. ಅವನಿಗೆ ಆಗ ಮೂವತ್ತರ ಆಸುಪಾಸು. ಕಾಲೇಜು ಅರ್ಧಕ್ಕೇ ನಿಂತಿತ್ತು, ಕೈಯಲ್ಲಿ ಡಿಗ್ರಿ ಇರಲಿಲ್ಲ. ಅದಕ್ಕೂ ಮುಖ್ಯವಾಗಿ, ಅವನು ತನ್ನ ಜೀವ ತೆಗೆದುಕೊಳ್ಳಲು ಹೋಗಿ ಬದುಕಿ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ.

ಅವನ ಹೆಸರು ಆಗಸ್ಟ್ ಕಾಮ್ಟ್. ಪಿಯುನಲ್ಲಿ ಆರ್ಟ್ಸ್ ಓದಿದ ಫ್ರೆಂಡ್ಸ್‌ನ ಕೇಳಿ ನೋಡಿ, ಸಮಾಜಶಾಸ್ತ್ರದ ಪಿತಾಮಹ ಅಂತ ತಕ್ಷಣ ಹೇಳ್ತಾರೆ. ಆದರೆ ಅವನು ಶುರುಮಾಡಿದ್ದು ನಮ್ಮ ಥರಾನೇ, ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಹುಟ್ಟಿದ್ದು 1798ರ ಜನವರಿ 19ರಂದು, ದಕ್ಷಿಣ ಫ್ರಾನ್ಸ್‌ನ ಮೊಂಪೆಲಿಯೆ ಊರಲ್ಲಿ. 1814ರಲ್ಲಿ, ಹದಿನಾರನೇ ವಯಸ್ಸಿಗೆ, ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್‌ಗೆ ಸೀಟು ಸಿಕ್ಕಿತು. ನಮ್ಮಲ್ಲಿ ಐಐಟಿ ಅಂದ್ರೆ ಹೇಗೋ, ಆಗ ಫ್ರಾನ್ಸ್‌ನಲ್ಲಿ ಅದು ಹಾಗೆ. ಗಣಿತದಲ್ಲಿ ಜಾಣ, ಬಾಯಿ ಮಾತ್ರ ಸ್ವಲ್ಪ ಜೋರು. 1816ರಲ್ಲಿ ಒಬ್ಬ ಮೇಷ್ಟ್ರ ವರ್ತನೆ ವಿರುದ್ಧ ವಿದ್ಯಾರ್ಥಿಗಳು ಗಲಾಟೆ ಮಾಡಿದರು. ಸರ್ಕಾರ ಕಾಲೇಜನ್ನೇ ಸ್ವಲ್ಪ ಕಾಲ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿತು. ಕಾಲೇಜು ಮತ್ತೆ ತೆರೆಯಿತು, ಆದರೆ ಕಾಮ್ಟ್‌ಗೆ ಒಳಗೆ ಜಾಗ ಸಿಗಲಿಲ್ಲ. ಪ್ಯಾರಿಸ್‌ಗೆ ವಾಪಸ್ ಬಂದು ಗಣಿತದ ಟ್ಯೂಶನ್ ಹೇಳಿಕೊಂಡು ಹೊಟ್ಟೆ ಹೊರೆದ.

1817ರಲ್ಲಿ ಸೇಂಟ್ ಸೈಮನ್ ಅನ್ನೋ ಚಿಂತಕನ ಹತ್ತಿರ ಕಾರ್ಯದರ್ಶಿಯಾಗಿ ಸೇರಿದ. ಆ ಹಿರಿಯನೂ ಸೋಲು ಮತ್ತು ಹಣದ ತಾಪತ್ರಯದಿಂದ ಬೇಸತ್ತು 1823ರಲ್ಲಿ ಸಾಯಲು ಪ್ರಯತ್ನಿಸಿದ. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಅದಾದ ಮೇಲೆ ಇನ್ನೆರಡು ವರ್ಷ ಬದುಕಿ, ತನ್ನ ಮುಖ್ಯ ಪುಸ್ತಕಗಳಲ್ಲಿ ಒಂದಾದ ನವ ಕ್ರೈಸ್ತಧರ್ಮವನ್ನು ಬರೆದು 1825ರಲ್ಲಿ ತೀರಿಕೊಂಡ. ಕಾಮ್ಟ್ ಇದನ್ನು ಹತ್ತಿರದಿಂದ ನೋಡಿದವನು. ನಾಲ್ಕು ವರ್ಷದಲ್ಲಿ ಅದೇ ಕತ್ತಲೆ ತನಗೂ ಕವಿಯುತ್ತೆ ಅಂತ ಆಗ ಅವನಿಗೆ ಹೊಳೆದಿರಲಾರದು.

1826ರ ಏಪ್ರಿಲ್‌ನಲ್ಲಿ ಕಾಮ್ಟ್ ತನ್ನ ಮನೆಯಲ್ಲೇ ಒಂದು ಕೋರ್ಸ್ ಶುರುಮಾಡಿದ. ಒಟ್ಟು 72 ಪಾಠ. ಗಣಿತ, ಖಗೋಳ, ಭೌತ, ರಸಾಯನ, ಜೀವಶಾಸ್ತ್ರ, ಕೊನೆಗೆ ಮನುಷ್ಯ ಸಮಾಜ: ಎಲ್ಲವನ್ನೂ ಒಂದೇ ಸರಣಿಯಲ್ಲಿ ಜೋಡಿಸಿ ತೋರಿಸೋ ಪ್ಲ್ಯಾನ್. ಕೇಳೋಕೆ ಬಂದವರಲ್ಲಿ ಹಂಬೋಲ್ಟ್, ಪ್ವಾನ್ಸೋ ಅಂಥ ದೊಡ್ಡ ವಿಜ್ಞಾನಿಗಳಿದ್ರು. ಮೂರು ಪಾಠ ಆಯ್ತು. ನಾಲ್ಕನೇ ಪಾಠಕ್ಕೆ ಬಂದವರಿಗೆ ಬಾಗಿಲು ಮುಚ್ಚಿತ್ತು.

ಮಿತಿಮೀರಿದ ಕೆಲಸ, ಕೈಯಲ್ಲಿ ಕಾಸಿಲ್ಲ, ಹೊಸದಾಗಿ ಮದುವೆಯಾದ ಮನೆಯಲ್ಲಿ ಜಗಳ. ಯಾವುದೋ ಒಂದೇ ಕಾರಣ ಅಂತ ಬೆರಳು ತೋರಿಸೋಕೆ ಆಗಲ್ಲ. ಅವನ ಮನಸ್ಸು ಪೂರ್ತಿ ಹದಗೆಟ್ಟಿತು. ಆ ಕಾಲದ ಪ್ರಸಿದ್ಧ ಮನೋವೈದ್ಯ ಎಸ್ಕಿರೋಲ್ ಅವರ ಆಸ್ಪತ್ರೆಗೆ ಸೇರಿಸಿದರು. ಡಿಸೆಂಬರ್‌ನಲ್ಲಿ ಅವನು ಹೊರಗೆ ಬಂದಾಗ ರಿಜಿಸ್ಟರ್‌ನಲ್ಲಿ ಬಿದ್ದ ಷರಾ, ಗುಣವಾಗಿಲ್ಲ ಅಂತ. ಹೆಂಡತಿ ಕ್ಯಾರೊಲಿನ್ ಅವನನ್ನು ಮನೆಗೆ ಕರೆದುಕೊಂಡು ಬಂದು ನೋಡಿಕೊಂಡಳು. ಸಿಟ್ಟು, ಕಿರುಚಾಟ ಇಳಿದ ಮೇಲೆ ಬಂದದ್ದು ಭಾರವಾದ ಮಂಕು. 1827ರ ಏಪ್ರಿಲ್‌ನಲ್ಲಿ ಒಂದು ದಿನ ಸೇನ್ ನದಿಗೆ ಹಾರಿದ. ಆ ದಾರಿಯಲ್ಲಿ ಹೋಗ್ತಿದ್ದ ಒಬ್ಬ ಸೈನಿಕ ಅವನನ್ನು ಮೇಲಕ್ಕೆಳೆದ.

ಸಿನಿಮಾ ಆಗಿದ್ರೆ ಇಲ್ಲಿ ಮ್ಯೂಸಿಕ್ ಬದಲಾಗಿ, ಮಾರನೇ ದಿನವೇ ಹೀರೋಗೆ ಬದುಕು ಸಿಹಿ ಅನ್ನಿಸ್ತಿತ್ತು. ಕಾಮ್ಟ್ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಬದುಕಿ ಉಳಿದ ದಿನವೇ ಬದುಕೋ ಆಸೆ ವಾಪಸ್ ಬರಲೇಬೇಕು ಅಂತ ರೂಲ್ ಇಲ್ಲ. ಕೆಲವರಿಗೆ ಸಮಾಧಾನ ಆಗುತ್ತೆ, ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು, ಇನ್ನು ಕೆಲವರಿಗೆ ಏನೂ ಅನ್ನಿಸಲ್ಲ. ಕಾಮ್ಟ್‌ನ ಬದುಕಲ್ಲಿ ಅದು ಬಂದದ್ದು ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವೇ, ಕೆಲಸದ ರೂಪದಲ್ಲಿ. 1828ರಲ್ಲಿ ಅವನು ಬರೆದದ್ದು ಬ್ರೂಸೆ ಎಂಬ ವೈದ್ಯನ ಪುಸ್ತಕದ ವಿಮರ್ಶೆ. ಆ ಪುಸ್ತಕದ ವಿಷಯ ಏನು ಗೊತ್ತಾ? ಹುಚ್ಚು. ಅದನ್ನು ಒಳಗಿಂದ ಕಂಡವನೇ ಈಗ ಅದರ ಬಗ್ಗೆ ವೈದ್ಯ ಬರೆದದ್ದನ್ನು ಪರೀಕ್ಷಿಸಿದ.

1829ರ ಜನವರಿ 4ರಂದು ಕೋರ್ಸ್ ಮತ್ತೆ ಶುರುವಾಯಿತು. ಹಿಂದೆ ನಿಂತ ನಾಲ್ಕನೇ ಪಾಠದಿಂದ ಹಿಡಿಯದೆ, ಮೊದಲನೇ ಪಾಠದಿಂದಲೇ ಹಿಡಿದ. ಫೋರಿಯರ್, ನೇವಿಯರ್, ಪ್ವಾನ್ಸೋ, ಬ್ಲೇನ್ವಿಲ್ ಬಂದರು. ಬ್ರೂಸೆ ಬಂದರು. ಇನ್ನೊಬ್ಬರೂ ಬಂದಿದ್ರು: ಡಾಕ್ಟರ್ ಎಸ್ಕಿರೋಲ್. ಯಾರ ಆಸ್ಪತ್ರೆಯಿಂದ ಅವನು ಗುಣವಾಗದವನು ಅನ್ನೋ ಷರಾ ಹೊತ್ತು ಹೊರಗೆ ಬಂದಿದ್ದನೋ, ಅವರೇ ಈಗ ಅವನ ಎದುರು ಕೂತು ಪಾಠ ಕೇಳಿದರು.

ನನಗೆ ಈ ಕತೆಯಲ್ಲಿ ತುಂಬಾ ಮುಖ್ಯ ಅನ್ನಿಸೋದು ಇದೇ. ಕಾಮ್ಟ್‌ನ ಧೈರ್ಯ ಸರಿ, ಆದರೆ ಕೇಳೋಕೆ ಬಂದವರನ್ನೂ ನೋಡಿ. ಅವನಿಗೆ ಏನಾಗಿತ್ತು ಅನ್ನೋದು ಪ್ಯಾರಿಸ್‌ನ ವಿದ್ವಾಂಸರ ವಲಯದಲ್ಲಿ ಗುಟ್ಟಾಗಿರಲಿಲ್ಲ. ಹುಷಾರಿಲ್ಲದವನು, ಅವನ ಪಾಠ ಯಾಕೆ ಅಂತ ಅವರು ಮನೆಯಲ್ಲೇ ಉಳಿಯಬಹುದಿತ್ತು. ಬಂದು ಕೂತರು. ಆ ಪಾಠಗಳು ಪುಸ್ತಕವಾದಾಗ ಕಾಮ್ಟ್ ಅದನ್ನು ಫೋರಿಯರ್ ಮತ್ತು ಬ್ಲೇನ್ವಿಲ್ ಅವರಿಗೆ ಅರ್ಪಿಸಿದ.

ಪುಸ್ತಕ ಮುಗಿಯೋಕೆ 1830ರಿಂದ 1842ರವರೆಗೆ ಹನ್ನೆರಡು ವರ್ಷ ಹಿಡಿಯಿತು. ಒಟ್ಟು ಆರು ಸಂಪುಟ. ಸೋಶಿಯಾಲಜಿ ಅನ್ನೋ ಪದ ಅದರ ನಾಲ್ಕನೇ ಸಂಪುಟದಲ್ಲಿ, 1839ರಲ್ಲಿ ಬಂತು. ಅದರ ಜೊತೆಜೊತೆಗೇ 1831ರಿಂದ ಸುಮಾರು ಹದಿನೇಳು ವರ್ಷ ಸಾಮಾನ್ಯ ಜನರಿಗೆ ಪುಕ್ಕಟೆ ಖಗೋಳದ ಪಾಠ ಹೇಳಿದ. ಆಲ್ಟ್ರೂಯಿಸಂ, ಅಂದ್ರೆ ಇನ್ನೊಬ್ಬರ ಹಿತಕ್ಕಾಗಿ ಬದುಕೋದು, ಆ ಪದ ಕೂಡ ಅವನದೇ.

ಹಾಗಂತ ಮುಂದೆ ಎಲ್ಲ ಸುಖವಾಯಿತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ತಾನು ಓದಿದ ಪಾಲಿಟೆಕ್ನಿಕ್‌ನಲ್ಲೇ ಸಣ್ಣ ಕೆಲಸ ಸಿಕ್ಕಿತು, ಪ್ರೊಫೆಸರ್ ಮಾತ್ರ ಆಗಲೇ ಇಲ್ಲ. 1844ರಲ್ಲಿ ಪರೀಕ್ಷಕನ ಹುದ್ದೆಯೂ ಹೋಯಿತು. ಆಮೇಲೆ ಗೆಳೆಯರು, ಅಭಿಮಾನಿಗಳು ಕೊಟ್ಟ ಹಣವನ್ನೂ ನೆಚ್ಚಿಕೊಳ್ಳಬೇಕಾಯಿತು. ಮನಸ್ಸಿನ ತೊಂದರೆ ನಡುನಡುವೆ ಮರಳಿ ಬಂತು. 1842ರಲ್ಲಿ ಕ್ಯಾರೊಲಿನ್ ಅವನನ್ನು ಬಿಟ್ಟು ಹೋದಳು. ತನ್ನನ್ನು ಕಾಪಾಡಿದವಳ ಬಗ್ಗೆಯೇ ಅವನು ಆಮೇಲೆ ಕಟುವಾಗಿ ಬರೆದ, ಅದು ಓದೋಕೆ ಬೇಜಾರಾಗುತ್ತೆ. ಕೊನೆಗೆ ಮಾನವಧರ್ಮ ಅಂತ ಹೊಸ ಧರ್ಮವನ್ನೇ ಕಟ್ಟಲು ಹೋಗಿ ಹಳೇ ಶಿಷ್ಯರನ್ನೂ ಕಳೆದುಕೊಂಡ. ಬದುಕಿ ಬಂದವನು ಒಳ್ಳೆಯವನೇ ಆಗಬೇಕು, ಸದಾ ನಗ್ತಾ ಇರಬೇಕು ಅಂತೇನಿಲ್ಲ. ಅವನಿಗೂ ಜಗಳ ಆಡೋ, ತಪ್ಪು ಮಾಡೋ ಹಕ್ಕಿದೆ.

ಒಂದು ವಿಷಯ ಮಾತ್ರ ಅವನು ಮುಚ್ಚಿಡಲಿಲ್ಲ. 1842ರ ಕೊನೆಯ ಸಂಪುಟದ ಮುನ್ನುಡಿಯಲ್ಲಿ 1826ರ ತನ್ನ ಕಾಯಿಲೆ ಬಗ್ಗೆ ತಾನೇ ಬರೆದ. ಆಸ್ಪತ್ರೆಯ ಚಿಕಿತ್ಸೆಗಿಂತ ಮನೆಯವರ ಪ್ರೀತಿಯ ಆರೈಕೆಯೇ ತನ್ನನ್ನು ಉಳಿಸಿದ್ದು ಅನ್ನೋದು ಅಲ್ಲಿ ಅವನ ಅಭಿಪ್ರಾಯ. ಅದು ಆ ಕಾಲದ ಚಿಕಿತ್ಸೆಯ ಮಾತು. ಇವತ್ತು ಡಾಕ್ಟರೂ ಬೇಕು, ಮನೆಯವರೂ ಬೇಕು.

ಅವನ ತಪ್ಪುಗಳಲ್ಲಿ ಒಂದು ನಮಗೆ ಇಷ್ಟವಾಗೋಂಥದ್ದು. ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಅನ್ನೋದು ಮನುಷ್ಯನಿಗೆ ಎಂದಿಗೂ ತಿಳಿಯಲ್ಲ ಅಂತ 1835ರಲ್ಲಿ ಖಡಾಖಂಡಿತವಾಗಿ ಬರೆದಿದ್ದ. ಅವನು ಸತ್ತು ಎರಡೇ ವರ್ಷಕ್ಕೆ, 1859ರಲ್ಲಿ, ಕಿರ್ಕಾಫ್ ಮತ್ತು ಬುನ್ಸೆನ್ ಬೆಳಕಿನ ಸ್ಪೆಕ್ಟ್ರಮ್ ಹಿಡಿದು ಅದನ್ನು ತಿಳಿಯೋ ದಾರಿ ತೋರಿಸಿದರು. ಎಂದಿಗೂ ಆಗಲ್ಲ ಅನ್ನೋ ಮಾತನ್ನು ಕಾಮ್ಟ್ ನಕ್ಷತ್ರಗಳ ಬಗ್ಗೆ ಹೇಳಿ ಸೋತ. ಆಸ್ಪತ್ರೆಯ ರಿಜಿಸ್ಟರ್ ಅವನ ಬಗ್ಗೆ ಬರೆದ ಷರಾ ಕೂಡ ಕೊನೇ ಮಾತಾಗಲಿಲ್ಲ. ಇನ್ನು ಮುಂದೆ ಏನೂ ಸರಿಹೋಗಲ್ಲ ಅಂತ ಅವನ ಮನಸ್ಸೇ 1827ರಲ್ಲಿ ಅವನಿಗೆ ಹೇಳಿದ್ದೂ ಅಷ್ಟೇ.

1857ರ ಸೆಪ್ಟೆಂಬರ್ 5ರಂದು, 59ನೇ ವಯಸ್ಸಿಗೆ, ಕಾಮ್ಟ್ ಕಾಯಿಲೆಯಿಂದ ತೀರಿಕೊಂಡ. ನದಿಯಿಂದ ಮೇಲೆ ಬಂದ ಮೇಲೆ ಅವನಿಗೆ ಸಿಕ್ಕಿದ್ದು ಮೂವತ್ತು ವರ್ಷ. ಅವನ ವಿಚಾರದಿಂದ ಬಂದ ಕ್ರಮ ಮತ್ತು ಪ್ರಗತಿ ಅನ್ನೋ ಪದಗಳು ಇವತ್ತೂ ಬ್ರೆಜಿಲ್ ದೇಶದ ಬಾವುಟದ ಮೇಲಿವೆ.

ನಮ್ಮ ಕ್ಯಾಂಪಸ್‌ಗಳಲ್ಲೂ ಇಂಥದ್ದು ನಡೆಯುತ್ತೆ. ಒಬ್ಬರು ಕೆಲವು ವಾರ ಕಾಣಿಸಲ್ಲ, ಆಮೇಲೆ ಕ್ಲಾಸಿಗೆ ವಾಪಸ್ ಬರ್ತಾರೆ. ಕಾರಿಡಾರ್‌ನಲ್ಲಿ ಪಿಸುಪಿಸು ಶುರುವಾಗುತ್ತೆ. ಯಾಕೆ ಹಾಗ್ ಮಾಡ್ದೆ ಅಂತ ವೈವಾ ಮಾಡೋದು ಬೇಡ. ಪಕ್ಕದಲ್ಲಿ ಜಾಗ ಇಡಿ, ಮೆಸ್ಸಿಗೆ ಹೋಗುವಾಗ ಕರೀರಿ, ಬಿಟ್ಟುಹೋದ ನೋಟ್ಸ್ ಕೊಡಿ. ಮತ್ತೆ ಅದೇ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿದ್ರೂ ತಪ್ಪಿಲ್ಲ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೋ ವಾರ್ಡನ್‌ಗೋ ತಿಳಿಸಿ, ಡಾಕ್ಟರ್ ಹತ್ತಿರ ಜೊತೆಗೆ ಹೋಗಿ. ವಾಪಸ್ ಬಂದವರು ನೀವೇ ಆಗಿದ್ರೆ, ಇನ್ನೂ ಖುಷಿ ಅನ್ನಿಸ್ತಿಲ್ಲ ಅಂತ ಗಾಬರಿ ಬೇಡ, ಅದಕ್ಕೆ ಟೈಮ್ ಬೇಕು. ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ನಂಬರ್ ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಕಾಗದಿದ್ರೂ ನಿಮ್ಮ ರೂಮ್‌ಮೇಟ್‌ಗೆ ಬೇಕಾಗಬಹುದು.