ಪತ್ತಿಕೊಂಡದಲ್ಲಿ ಕಣ್ಮುಚ್ಚಿದ ಮನ್ರೋ ಸಾಹೇಬರ ಶಾಲೆ ಲೆಕ್ಕ

ಆದವಾನಿ ಸೀಮೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಬಹಳ ವರ್ಷ ಮೇಷ್ಟ್ರಾಗಿದ್ದೆ. ವರ್ಷಕ್ಕೊಮ್ಮೆ ಮೇಲಿನಿಂದ ಒಂದು ನಮೂನೆ ಬರುತ್ತಿತ್ತು. ಮಕ್ಕಳೆಷ್ಟು, ಗಂಡೆಷ್ಟು, ಹೆಣ್ಣೆಷ್ಟು, ಯಾವ ಜಾತಿ, ಯಾವ ಭಾಷೆ ಅಂತ ಕಾಲಂ ಕಾಲಂ ತುಂಬಿ ಕಳಿಸಬೇಕು. ಗೊಣಗಿಕೊಂಡೇ ತುಂಬುತ್ತಿದ್ದೆ. ಇಂಥದೊಂದು ನಮೂನೆಯನ್ನು ನಮ್ಮ ಸೀಮೆಗೆ ಇನ್ನೂರು ವರ್ಷದ ಹಿಂದೆಯೇ ಒಬ್ಬರು ಕಳಿಸಿದ್ದರು ಅಂತ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಅವರೇ ಸರ್ ಥಾಮಸ್ ಮನ್ರೋ.

ನಮ್ಮ ಕಡೆ ಮನ್ರೋ ಹೆಸರು ಹೊಸದೇನಲ್ಲ. ಹಿಂದೆ ರಾಯಲಸೀಮೆಯ ರೈತರು ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡುತ್ತಿದ್ದರು. ಮಠದ ಇನಾಂ ಜಮೀನಿನ ವಿಚಾರಣೆಗೆ ಬಂದ ಮನ್ರೋಗೆ ರಾಯರು ವೃಂದಾವನದಿಂದ ದರ್ಶನ ಕೊಟ್ಟು ಮಾತಾಡಿದರು ಅನ್ನೋ ಕಥೆಯನ್ನು ಮಂತ್ರಾಲಯಕ್ಕೆ ಹೋದವರೆಲ್ಲ ಕೇಳಿರುತ್ತಾರೆ. ಅದು ಭಕ್ತರ ನಂಬಿಕೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಪಟ್ಟಾ, ಕಂದಾಯ, ರೈತವಾರಿ ಅಂದರೂ ಅವರ ಹೆಸರೇ ಬರುತ್ತದೆ. ಶಾಲೆಯ ವಿಷಯದಲ್ಲಿ ಅವರು ಮಾಡಿದ ಕೆಲಸ ಮಾತ್ರ ನಮ್ಮ ಜನಕ್ಕೆ ಅಷ್ಟಾಗಿ ತಿಳಿದಿಲ್ಲ. ಅದನ್ನು ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೇಳಿದ ಮೇಲೆ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ.

ವ್ಯಾಪಾರ ಮುರಿದ ಮನೆಯ ಹುಡುಗ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾ ಜೊತೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದವರು. ಹುಡುಗ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತ, ರಸಾಯನಶಾಸ್ತ್ರ ಓದಿದ. ಚಿಕ್ಕಂದಿನಲ್ಲಿ ದಡಾರ ಬಂದು ಕಿವಿ ಸ್ವಲ್ಪ ಮಂದವಾಗಿತ್ತು, ಅದು ಕೊನೆತನಕ ಹಂಗೇ ಉಳಿಯಿತು. ಅಷ್ಟರಲ್ಲಿ ಅಮೆರಿಕದವರು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದು ಯುದ್ಧ ಶುರುವಾಯಿತು. ಬರಬೇಕಾದ ಬಾಕಿ ಬರಲಿಲ್ಲ, ತಂದೆಯ ವ್ಯಾಪಾರ ಮುಳುಗಿತು. ಆದವಾನಿ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದ. ವಯಸ್ಸು ಹದಿನೆಂಟು.

ಹೈದರಲಿಯ ಮೇಲಿನ ಯುದ್ಧದಲ್ಲಿ ಸಿಪಾಯಿಗಳ ಜೊತೆ ನಡೆದದ್ದಾಯಿತು. 1792ರಿಂದ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಅವರ ಕೈಕೆಳಗೆ ಕಂದಾಯದ ಕೆಲಸ ಕಲಿತರು. ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರಲ್ಲಿ ಕೆನರಾ ಜಿಲ್ಲೆಗೆ ಹೋದರು. ಮರುವರ್ಷ ನಿಜಾಮ ಬಳ್ಳಾರಿ, ಆದವಾನಿ, ಗುತ್ತಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಅಂತ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಅದಕ್ಕೆ ಮುಖ್ಯ ಕಲೆಕ್ಟರಾಗಿ ಮನ್ರೋ ಬಂದರು.

ದತ್ತಮಂಡಲದ ಏಳು ವರ್ಷ

1800ರಿಂದ 1807ರವರೆಗೆ ಅವರು ನಮ್ಮ ಸೀಮೆಯಲ್ಲಿದ್ದರು. ಸುಮಾರು 80 ಮಂದಿ ಪಾಳೆಗಾರರನ್ನು ಅಡಗಿಸಿದರು. ಗುಡಾರ ಹೊತ್ತುಕೊಂಡು ಊರೂರು ತಿರುಗಿದರು. ಹೊಲ ಹೊಲ ಅಳೆಸಿ, ಪ್ರತಿ ರೈತನ ಹೆಸರಿಗೆ ಬೇರೆ ಬೇರೆ ಕಂದಾಯ ಕಟ್ಟಿದರು.

ಅವರನ್ನು ದೇವರು ಮಾಡಬೇಕಾಗಿಲ್ಲ. ಕಂಪನಿಯ ಖಜಾನೆ ತುಂಬಿಸೋದು ಅವರ ಕೆಲಸವಾಗಿತ್ತು, ಕಟ್ಟಿದ ಕಂದಾಯವೂ ಭಾರವಾಗಿತ್ತು. ಅದನ್ನು ಅವರೇ ಒಪ್ಪಿಕೊಂಡರು. 1807ರಲ್ಲಿ ಎಲ್ಲ ಹೊಲಕ್ಕೂ ನೂರಕ್ಕೆ 25ರಷ್ಟು, ನೀರಾವರಿ ಮತ್ತು ತೋಟದ ಜಮೀನಿಗೆ ಅದರ ಮೇಲೆ ಇನ್ನೂ 8ರಷ್ಟು ಇಳಿಸಬೇಕು ಅಂತ ಬರೆದು ಹೋದರು. ಮೇಲಿನವರು ಕೇಳಲಿಲ್ಲ. ಊರಿಗೆ ಊರನ್ನೇ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದವರೂ ಹಾಳಾದರು, ರೈತರೂ ಹಾಳಾದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಬಂದ ಮೇಲೆಯೇ ಆ ಇಳಿತ ಜಾರಿಗೆ ಬಂದದ್ದು.

533 ಶಾಲೆ, 6,641 ಮಕ್ಕಳು

ಗವರ್ನರಾಗಿ ಎರಡು ವರ್ಷ ಕಳೆದ ಮೇಲೆ, 1822ರ ಜೂನ್ 25ರಂದು, ಅವರು ಒಂದು ಟಿಪ್ಪಣಿ ಬರೆದರು. ಜಿಲ್ಲೆಯ ಹೊಲ, ಬೆಳೆ, ಕಂದಾಯ ಎಲ್ಲದರ ಲೆಕ್ಕ ಸರ್ಕಾರದ ಹತ್ತಿರ ಇದೆ, ಜನ ಎಷ್ಟು ಓದಿದ್ದಾರೆ ಅನ್ನೋ ಲೆಕ್ಕ ಮಾತ್ರ ಇಲ್ಲ ಅನ್ನುವುದು ಅದರ ಸಾರ. ಪ್ರತಿ ಕಲೆಕ್ಟರೂ ತನ್ನ ಜಿಲ್ಲೆಯ ಶಾಲೆಗಳೆಷ್ಟು, ಮಕ್ಕಳೆಷ್ಟು, ಯಾವ ಜಾತಿ, ಏನು ಓದುತ್ತಾರೆ ಅಂತ ಬರೆದು ಕಳಿಸಬೇಕು. ಶಾಲೆಗಳ ಆಡಳಿತದಲ್ಲಿ ಯಾರೂ ಕೈ ಹಾಕಬಾರದು, ಅದು ಜನರದ್ದೇ ಆಗಿರಲಿ ಅಂತಲೂ ಹೇಳಿದ್ದರು. ಉತ್ತರ ಎಲ್ಲ ಕಡೆಯಿಂದ ಬಂದು ಸೇರೋಕೆ ಸುಮಾರು ಮೂರು ವರ್ಷ ಹಿಡಿಯಿತು. ಕೆನರಾದಿಂದ ಮಾತ್ರ ಅಂಕಿಸಂಖ್ಯೆ ಬರಲೇ ಇಲ್ಲ.

ಬಳ್ಳಾರಿಯಿಂದ ಬಂದ ಉತ್ತರ ಎಲ್ಲಕ್ಕಿಂತ ವಿವರವಾದದ್ದು. ಬರೆದವರು ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ತೆಲುಗು ವ್ಯಾಕರಣ ಬರೆದ ವಿದ್ವಾಂಸರು. ತಾರೀಖು 1823ರ ಆಗಸ್ಟ್ 17. ಆಗ ಆದವಾನಿ, ಆಲೂರು, ಪತ್ತಿಕೊಂಡ, ರಾಯದುರ್ಗ, ಅನಂತಪುರ ಎಲ್ಲ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಪತ್ತಿಕೊಂಡ ಕರ್ನೂಲಿಗೆ ಸೇರಿದ್ದು 1858ರಲ್ಲಿ. ಆದವಾನಿ, ಆಲೂರು ಆಂಧ್ರಕ್ಕೆ ಹೋದದ್ದು 1953ರಲ್ಲಿ. ಆದ್ದರಿಂದ ಆ ಲೆಕ್ಕ ಗಡಿಯ ಈ ಕಡೆಯವರದ್ದೂ ಹೌದು, ಆ ಕಡೆಯವರದ್ದೂ ಹೌದು.

ಜಿಲ್ಲೆಯ ಜನಸಂಖ್ಯೆ 9,27,857. ಶಾಲೆ 533. ಓದುವ ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಬರೀ ಏಳು ಮಂದಿ. ಕನ್ನಡ ಕಲಿಸುವ ಶಾಲೆ 235, ತೆಲುಗು ಕಲಿಸುವ ಶಾಲೆ 226. ಮರಾಠಿಯವು 23, ಪಾರ್ಸಿಯವು 21, ತಮಿಳಿನವು ನಾಲ್ಕು, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರು ಸಂಸ್ಕೃತ ಓದುವ ಜಾಗಗಳು. ಕನ್ನಡ, ತೆಲುಗು ಎರಡೂ ಹೆಗಲಿಗೆ ಹೆಗಲು ಕೊಟ್ಟಂತೆ ಇದ್ದವು. ಮನೆಯಲ್ಲೊಂದು, ಸಂತೆಯಲ್ಲೊಂದು ಮಾತಾಡುವ ನಮ್ಮಂಥವರು ಆಗಲೂ ಹಂಗೇ ಇದ್ದರು ಅಂತ ಕಾಣುತ್ತದೆ.

ಯಾರ ಮಕ್ಕಳು ಅನ್ನೋದನ್ನೂ ನೋಡಬೇಕು. ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರು 2,998, ಬೇರೆ ಜಾತಿಯವರು 1,174, ಮುಸಲ್ಮಾನರು 243. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ 60. ಒಂಬತ್ತು ಲಕ್ಷಕ್ಕೂ ಮೇಲಿನ ಜನದಲ್ಲಿ ಅರವತ್ತು!

ಹಲಗೆ, ಕಡತ, ಬಳಪ

ಶಾಲೆ ಹೆಂಗಿತ್ತು ಅನ್ನೋದನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾರೆ. ಮಗುವಿಗೆ ಐದು ವರ್ಷ ತುಂಬಿದಾಗ ಮೇಷ್ಟ್ರನ್ನೂ ಶಾಲೆ ಹುಡುಗರನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕೂರಿಸಿ, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತಿದ್ದರು. ಆಮೇಲೆ ಹಲಗೆ, ಕಡತ, ಬಳಪ. ಹಲಗೆಗೆ ಅನ್ನ ಮತ್ತು ಇದ್ದಿಲಪುಡಿ ಸವರುತ್ತಿದ್ದರು. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಮತ್ತು ಅಂಟು ಬಳಿದರೆ ಅದು ಕಡತ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದಿತ್ತು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ನಮ್ಮ ಅಜ್ಜ ಐಗಳ ಮಠದಲ್ಲಿ ಓದಿದ ಕಥೆಯೂ ಹೆಚ್ಚುಕಡಿಮೆ ಇದೇ. ತೆಲುಗು ಮಂದಿ ಇದನ್ನೇ ವೀಧಿಬಡಿ ಅನ್ನುತ್ತಾರೆ.

ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಕಲೆಕ್ಟರು ಮೆಚ್ಚಿಕೊಂಡರು. ಆ ಪದ್ಧತಿಯನ್ನು ಮದ್ರಾಸಿನಲ್ಲಿ ಅನಾಥ ಹುಡುಗರ ಶಾಲೆ ನಡೆಸಿದ ಆಂಡ್ರೂ ಬೆಲ್ ಆಗಲೇ ಇಂಗ್ಲೆಂಡಿಗೆ ಮುಟ್ಟಿಸಿದ್ದರು. ಜೊತೆಗೆ ಒಂದು ಕೊರತೆಯನ್ನೂ ಹೇಳಿದರು. ಹುಡುಗರು ಓದುವುದು ಹಳೆಯ ಪದ್ಯದ ಭಾಷೆ, ಮಾತಾಡುವುದು ಬೇರೆ ಭಾಷೆ, ಅರ್ಥ ತಿಳಿಯದೆ ಗಿಣಿಪಾಠ ಒಪ್ಪಿಸುತ್ತಾರೆ ಅಂತ.

ಎಲ್ಲಕ್ಕಿಂತ ದೊಡ್ಡ ಮಾತು ಶಾಲೆ ಯಾಕೆ ಕಡಿಮೆಯಾದವು ಅನ್ನೋದಕ್ಕೆ ಅವರು ಕೊಟ್ಟ ಕಾರಣ. ಸೀಮೆ ಬಡವಾಗಿದೆ ಅಂತ ನೇರವಾಗಿ ಬರೆದರು. ವಿಲಾಯತಿ ಬಟ್ಟೆ ಬಂದು ನೇಕಾರರ ಕಸುಬು ಹೋಯಿತು, ಪಟಾಲಂಗಳು ದೂರ ಹೋದ ಮೇಲೆ ದವಸಕ್ಕೆ ಗಿರಾಕಿ ಇಲ್ಲ, ನಾಡಿನ ಹಣ ನಾಡಿನಲ್ಲಿ ಉಳಿಯುತ್ತಿಲ್ಲ. ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ. 533ರಲ್ಲಿ ಒಂದಕ್ಕೂ ಸರ್ಕಾರದ ಕಾಸು ಬರುತ್ತಿಲ್ಲ, ಇದನ್ನು ಹೇಳೋಕೆ ನಾಚಿಕೆಯಾಗುತ್ತದೆ ಅನ್ನುವಷ್ಟರ ಮಟ್ಟಿಗೆ ಬರೆದರು. ತನ್ನ ಸರ್ಕಾರದ ತಪ್ಪನ್ನು ತನ್ನ ಸರ್ಕಾರಕ್ಕೇ ಬರೆದು ಕಳಿಸಿದ ಅಧಿಕಾರಿ ಅವರು.

ಲೆಕ್ಕ ಬಂತು, ಹಣ ನಿಲ್ಲಲಿಲ್ಲ

ಎಲ್ಲ ಜಿಲ್ಲೆಯ ಉತ್ತರ ಸೇರಿಸಿ 1826ರ ಮಾರ್ಚ್ 10ರಂದು ಮನ್ರೋ ಎರಡನೆಯ ಟಿಪ್ಪಣಿ ಬರೆದರು. ಇಡೀ ಮದ್ರಾಸ್ ಪ್ರಾಂತದಲ್ಲಿ 12,498 ಶಾಲೆ, ಜನ 1,28,50,941. ಐದರಿಂದ ಹತ್ತು ವರ್ಷದ ಹುಡುಗರಲ್ಲಿ ನಾಲ್ಕರಲ್ಲಿ ಒಂದು ಪಾಲು ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಓದುವವರನ್ನೂ ಸೇರಿಸಿದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಬರಬಹುದು ಅಂತ ಅಂದಾಜು ಮಾಡಿದರು. ಮೇಷ್ಟ್ರಿಗೆ ತಿಂಗಳಿಗೆ ಆರೇಳು ರೂಪಾಯಿ ಹುಟ್ಟಿದರೆ ಹೆಚ್ಚು, ಅಷ್ಟಕ್ಕೆ ಓದಿದವನು ಯಾಕೆ ಬರುತ್ತಾನೆ ಅನ್ನೋದು ಅವರ ಪ್ರಶ್ನೆ. ಜಿಲ್ಲೆಗೆ ಎರಡರಂತೆ 40 ದೊಡ್ಡ ಶಾಲೆ, ತಹಸೀಲಿಗೆ ಒಂದರಂತೆ 300 ಶಾಲೆ ಮಾಡಬೇಕು. ದೊಡ್ಡ ಶಾಲೆ ಮೇಷ್ಟ್ರಿಗೆ ತಿಂಗಳಿಗೆ 15, ಉಳಿದವರಿಗೆ 9 ರೂಪಾಯಿ ಸರ್ಕಾರವೇ ಕೊಡಬೇಕು. ಪುಸ್ತಕದ ಖರ್ಚೂ ಸೇರಿ ವರ್ಷಕ್ಕೆ 48,000 ರೂಪಾಯಿ ಆಗುತ್ತದೆ ಅಂತ ಲೆಕ್ಕ ಕಟ್ಟಿದರು.

ಕೆಲಸ ಶುರುವಾಯಿತು, ನೆಲೆ ನಿಲ್ಲಲಿಲ್ಲ. 1835ರ ಹೊತ್ತಿಗೆ ಕಲ್ಕತ್ತದ ದೊರೆಗಳ ಮನಸ್ಸು ಇಂಗ್ಲಿಷ್ ಓದಿನ ಕಡೆ ತಿರುಗಿತು. ಮನ್ರೋ ಕಾಲವಾಗಿ ಹತ್ತು ವರ್ಷ ಆಗುವುದರೊಳಗೆ ಆ ಶಾಲೆಗಳನ್ನು ಮುಚ್ಚಿದರು. ಲೆಕ್ಕದ ಕಾಗದಗಳು ಮಾತ್ರ ಉಳಿದವು. ಅವನ್ನು ಹುಡುಕಿ ತೆಗೆದು ಧರಂಪಾಲ್ ಅವರು 1983ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಮಾಡಿದರು. ಆಗಿನಿಂದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣದ ಸಂಶೋಧನೆ ಮಾಡುವವರು ಬಳ್ಳಾರಿಯ ಈ ಉತ್ತರವನ್ನು ಇಟ್ಟುಕೊಂಡು ವಾದ ಮಾಡುತ್ತಲೇ ಇದ್ದಾರೆ. ಹಳೆಯ ಕಾಲದಲ್ಲಿ ಓದು ಹೆಚ್ಚಿತ್ತು ಅಂತ ಕೆಲವರು, ಯಾರಿಗಿತ್ತು ಅಂತ ಕೇಳುವವರು ಕೆಲವರು. ಅರವತ್ತು ಹೆಣ್ಣುಮಕ್ಕಳ ಅಂಕಿ ನೋಡಿದ ನನಗೆ ಎರಡನೆಯವರ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ.

ಪತ್ತಿಕೊಂಡದ ಕೊನೆಯ ದಿನ

1827ರಲ್ಲಿ ಮನ್ರೋ ಊರಿಗೆ ಹೊರಟು ನಿಂತಿದ್ದರು. ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಹೆಂಡತಿ ಮೊದಲೇ ಇಂಗ್ಲೆಂಡಿಗೆ ಹೋಗಿದ್ದರು. ಹೋಗುವ ಮುಂಚೆ ದತ್ತಮಂಡಲವನ್ನು ಒಮ್ಮೆ ನೋಡಬೇಕು ಅಂತ ಬಂದರು. ಜೊತೆಗೆ ಬಂದ ಜನರಲ್ಲಿ ಕಾಲರಾ ಹತ್ತಿಕೊಂಡಿತ್ತು. ಗುತ್ತಿ ದಾಟಿ ಪತ್ತಿಕೊಂಡಕ್ಕೆ ಬಂದ ಜುಲೈ 6ರಂದೇ ಬೇನೆ ಬಿದ್ದು, ಆ ರಾತ್ರಿಯೇ ತೀರಿಕೊಂಡರು. ವಯಸ್ಸು 66. ಗುತ್ತಿಯಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅಸ್ಥಿಯನ್ನು ಮದ್ರಾಸಿನ ಕೋಟೆಯ ಚರ್ಚಿಗೆ ಸಾಗಿಸಿದರು. ಅವರ ನೆನಪಿಗೆ ಪತ್ತಿಕೊಂಡದಲ್ಲಿ ಸರ್ಕಾರ ಒಂದು ಮರದ ತೋಪು ಹಾಕಿಸಿ, ಮೆಟ್ಟಿಲಿನ ಬಾವಿ ಕಟ್ಟಿಸಿತು. ಮದ್ರಾಸಿನ ಗವರ್ನರಿಗೇ ಒಂದು ದಿನದಲ್ಲಿ ಪ್ರಾಣ ಉಳಿಸುವ ಔಷಧಿ ಇರಲಿಲ್ಲ, ಇನ್ನು ಹಳ್ಳಿಯವರ ಪಾಡು ಏನಿತ್ತೋ ಯೋಚಿಸಿ. ಈಗ ಪತ್ತಿಕೊಂಡ ಅಂದರೆ ಟೊಮೆಟೊ ವ್ಯಾಪಾರ. ಅಲ್ಲಿಗೆ ಸರಕು ಕೊಳ್ಳೋಕೆ ಹೋಗುವ ನಮ್ಮವರು ಇದನ್ನೂ ತಿಳಿದಿರಲಿ.

ನನ್ನ ಲೆಕ್ಕ

ಇನ್ನು ನನ್ನ ಮಾತು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನ ಸುಗ್ಗಿಗೆ ಅಂತ ಗುಂಟೂರು ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸೋಕೆ ಹೋಗುವುದು ನಿಮಗೆಲ್ಲ ಗೊತ್ತು. ಮಕ್ಕಳೂ ಜೊತೆಗೆ ಹೋಗುತ್ತಾರೆ. ನಮ್ಮ ಶಾಲೆಯಲ್ಲಿ ಅರ್ಧ ಮಣೆ ಖಾಲಿ. ಸಂಖ್ಯೆ ಕಡಿಮೆ ತೋರಿಸಿದರೆ ಕನ್ನಡ ಶಾಲೆಯನ್ನೇ ಮುಚ್ಚಿಬಿಟ್ಟಾರು ಅಂತ ನನಗೆ ಭಯ. ಊರಲ್ಲಿಲ್ಲದ ಮಕ್ಕಳನ್ನು ಹಾಜರು ಅಂತ ಬರೆದೆ. ಒಂದು ವರ್ಷವಲ್ಲ, ಹಲವು ವರ್ಷ.

ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಕನ್ನಡ, ತೆಲುಗು ಎರಡನ್ನೂ ಸರಾಗವಾಗಿ ಓದುತ್ತಿದ್ದಳು. ನಾಲ್ಕು ತಿಂಗಳು ಮೆಣಸಿನಕಾಯಿ ಹೊಲದಲ್ಲಿದ್ದು ಬಂದಳು. ಬಂದಾಗ ಓದು ತಡವರಿಸುತ್ತಿತ್ತು, ನಾಚಿಕೆಪಟ್ಟು ಶಾಲೆ ಬಿಟ್ಟಳು. ನನ್ನ ರಿಜಿಸ್ಟರಿನಲ್ಲಿ ಆ ನಾಲ್ಕು ತಿಂಗಳೂ ಅವಳು ಹಾಜರು. ಆದ್ದರಿಂದ ಅವಳನ್ನು ಯಾರೂ ಹುಡುಕಲಿಲ್ಲ. ಸುಗ್ಗಿಗೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಊಟ, ಓದು ಕೊಡುವ ಸೀಜನಲ್ ಹಾಸ್ಟೆಲ್ ಯೋಜನೆ ಸರ್ಕಾರದ್ದು ಇತ್ತು. ಲೆಕ್ಕದ ಪ್ರಕಾರ ನಮ್ಮ ಊರಿಗೆ ಅದರ ಅಗತ್ಯವೇ ಇರಲಿಲ್ಲ. ಆ ಲೆಕ್ಕ ಕೊಟ್ಟವನು ನಾನು.

ಕ್ಯಾಂಪ್‌ಬೆಲ್ ಸಾಹೇಬರು ನಾಚಿಕೆಯ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಬರೆದರು, ಮನ್ರೋ ಅದನ್ನು ನಂಬಿ ಹಣ ಕೇಳಿದರು. ನಾನು ಶಾಲೆ ಉಳಿಸೋಕೆ ಸುಳ್ಳು ಬರೆದೆ. ಶಾಲೆ ಉಳಿಯಿತು, ಹುಡುಗಿ ಉಳಿಯಲಿಲ್ಲ. ಈ ವರ್ಷ ನಿಮ್ಮ ಊರಿನ ಮೇಷ್ಟ್ರು ಮನೆ ಬಾಗಿಲಿಗೆ ಲೆಕ್ಕಕ್ಕೆ ಬಂದರೆ, ಮಕ್ಕಳು ಎಲ್ಲಿದ್ದಾರೆ ಅನ್ನೋದನ್ನು ಸರಿಯಾಗಿ ಹೇಳಿ. ಅವರು ಏನು ಬರೆದುಕೊಂಡರು ಅಂತಲೂ ಒಮ್ಮೆ ಓದಿ ನೋಡಿ.