ಗಡ್ಡ ಕಟ್ಟಿಕೊಂಡ ದೊರೆ ಹಟ್ಶೆಪ್ಸುಟ್

ಈಜಿಪ್ಟ್ ಎಂದೊಡನೆ ನಮಗೆ ನೆನಪಾಗುವುದು ಪಿರಮಿಡ್ಡುಗಳು, ಮಮ್ಮಿಗಳು ಮತ್ತು ಬಾಲಕ ದೊರೆ ಟುಟಂಖಾಮನ್. ಅವನಿಗಿಂತ ನೂರು ವರ್ಷಕ್ಕೂ ಹಿಂದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ದೇಶವನ್ನು ಆಳಿದ ಹಟ್ಶೆಪ್ಸುಟ್ ಎಂಬ ಹೆಣ್ಣುಮಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದಿದ್ದರೆ ಅದು ನಮ್ಮ ತಪ್ಪಲ್ಲ. ಆ ಹೆಸರು ಉಳಿಯಬಾರದೆಂದೇ ಅದನ್ನು ಕಲ್ಲಿನಿಂದ ಕೆತ್ತಿ ತೆಗೆಯಲಾಗಿತ್ತು.

ಹಟ್ಶೆಪ್ಸುಟ್ ಒಂದನೇ ಥಟ್‌ಮೋಸ್ ದೊರೆಯ ಮಗಳು. ಆ ರಾಜಮನೆತನದ ಪದ್ಧತಿಯಂತೆ ಮಲಸಹೋದರನಾದ ಎರಡನೇ ಥಟ್‌ಮೋಸ್‌ನನ್ನೇ ಮದುವೆಯಾದಳು. ನೆಫೆರುರೆ ಎಂಬ ಮಗಳು ಹುಟ್ಟಿದಳು. ಗಂಡ ತೀರಿಕೊಂಡಾಗ ಪಟ್ಟಕ್ಕೆ ಬಂದವನು ಇನ್ನೊಬ್ಬ ಹೆಂಡತಿಯ ಮಗ ಮೂರನೇ ಥಟ್‌ಮೋಸ್. ಅವನಿನ್ನೂ ಎಳೆಯ ಹುಡುಗ. ಕ್ರಿ.ಪೂ. 1479ರ ಸುಮಾರಿಗೆ ಅವನ ಪರವಾಗಿ ಹಟ್ಶೆಪ್ಸುಟ್ ಆಡಳಿತ ವಹಿಸಿಕೊಂಡಳು.

ಆದರೆ ಏಳು ವರ್ಷ ತುಂಬುವುದರೊಳಗೆ ಅವಳು ತಾನೇ ಫೇರೋ ಎಂದು ಸಾರಿಕೊಂಡಳು. ಇದು ಸಣ್ಣ ಮಾತಲ್ಲ. ಫೇರೋ ಎಂದರೆ ಬರೀ ಅರಸನಲ್ಲ. ಸೈನ್ಯ, ಕಣಜ, ದೇವಾಲಯ ಎಲ್ಲವೂ ಅವನ ಹೆಸರಿನಲ್ಲಿ. ದೇವತೆಗಳಿಗೂ ಜನರಿಗೂ ನಡುವೆ ನಿಂತವನು ಅವನೇ. ಅವರ ಭಾಷೆಯಲ್ಲಿ ರಾಣಿಯನ್ನು ಕರೆಯುತ್ತಿದ್ದುದೇ ರಾಜನ ಹೆಂಡತಿ ಎಂದು! ಹಾಗಾಗಿ ಹಟ್ಶೆಪ್ಸುಟ್ ರಾಜನೇ ಆದಳು. ಶಿಲ್ಪಗಳಲ್ಲಿ ಗಂಡುಡುಗೆ ತೊಟ್ಟು, ಗಲ್ಲಕ್ಕೆ ಕೃತಕ ಗಡ್ಡ ಕಟ್ಟಿಕೊಂಡು ನಿಂತಳು. (ಗಂಡು ಫೇರೋಗಳ ಗಡ್ಡವೂ ಕಟ್ಟಿಕೊಂಡದ್ದೇ ಎಂಬುದನ್ನು ಮಕ್ಕಳು ಗಮನಿಸಬೇಕು.) ಆಮನ್ ದೇವರೇ ತನ್ನ ತಂದೆ ಎಂದು ಗುಡಿಯ ಗೋಡೆಯ ಮೇಲೆ ಕೆತ್ತಿಸಿದಳು.

ಅವಳ ಆಳ್ವಿಕೆಯ ಒಂಬತ್ತನೇ ವರ್ಷದಲ್ಲಿ ಹಡಗುಗಳು ಕೆಂಪು ಸಮುದ್ರದ ಮೂಲಕ ಪುಂಟ್ ಎಂಬ ದೂರದ ನಾಡಿಗೆ ಹೋದವು. ಚಿನ್ನ, ದಂತ, ಕರಿಮರ, ಕೋತಿಗಳ ಜೊತೆಗೆ 31 ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಗಳಲ್ಲಿ ತಂದರು. ಶುಕ್ರವಾರ ಸಂಜೆ ಸಾಂಬ್ರಾಣಿ ಹಾಕುವ ನಮ್ಮ ಅಮ್ಮಂದಿರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಈ ಯಾತ್ರೆಯ ಚಿತ್ರಗಳು ದೇರ್ ಎಲ್-ಬಹ್ರಿಯಲ್ಲಿ ಬೆಟ್ಟದ ಬುಡಕ್ಕೆ ಮೂರು ಅಂತಸ್ತಾಗಿ ಅವಳು ಕಟ್ಟಿಸಿದ ದೇಗುಲದಲ್ಲಿ ಇಂದಿಗೂ ಇವೆ. ಕಾರ್ನಾಕ್‌ನಲ್ಲಿ ಅವಳು ನಿಲ್ಲಿಸಿದ, ಸುಮಾರು 30 ಮೀಟರ್ ಎತ್ತರದ ಏಕಶಿಲಾ ಸ್ತಂಭವೂ ನಿಂತಿದೆ. ಅದರ ತೂಕ 300 ಟನ್ನಿಗೂ ಹೆಚ್ಚು. ಆಸ್ವಾನ್‌ನ ಗ್ರಾನೈಟ್ ಬಂಡೆಯಿಂದ ಕಡಿದು, ನೈಲ್ ನದಿಯ ಮೇಲೆ ತೇಲಿಸಿ ತಂದದ್ದು.

ಕ್ರಿ.ಪೂ. 1458ರ ಸುಮಾರಿಗೆ ಅವಳು ತೀರಿಕೊಂಡಳು. ಆಮೇಲೆ ಸುಮಾರು ಇಪ್ಪತ್ತು ವರ್ಷ ಬಿಟ್ಟು ಮೂರನೇ ಥಟ್‌ಮೋಸ್ ಅವಳ ಹೆಸರನ್ನು ಗೋಡೆಗಳಿಂದ ಅಳಿಸಲು ಹೊರಟ. ಬರೀ ದ್ವೇಷವಾಗಿದ್ದರೆ ಅಷ್ಟು ವರ್ಷ ಕಾಯುತ್ತಿದ್ದನೇ? ತನ್ನ ಮಗನ ಪಟ್ಟಕ್ಕೆ ಯಾರೂ ಅಡ್ಡ ಬರಬಾರದೆಂಬ ಲೆಕ್ಕಾಚಾರವೇ ಇದ್ದಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನಮಗೂ ಅದೇ ಸರಿ ಎನಿಸುತ್ತದೆ. ತಮಾಷೆಯೆಂದರೆ, ಕಾರ್ನಾಕ್‌ನ ಸ್ತಂಭವನ್ನು ಮರೆಮಾಡಲು ಸುತ್ತ ಎಬ್ಬಿಸಿದ ಗೋಡೆಯೇ ಅದನ್ನು ಕಾಪಾಡಿತು.

1829ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ದೇರ್ ಎಲ್-ಬಹ್ರಿಯ ಗೋಡೆಗಳನ್ನು ಓದುವಾಗ, ಗಡ್ಡವಿರುವ ದೊರೆಯ ಬಗ್ಗೆ ಬರೆದ ಸಾಲುಗಳೆಲ್ಲ ಸ್ತ್ರೀಲಿಂಗದಲ್ಲಿರುವುದನ್ನು ಕಂಡು ಬೆರಗಾದ. ವ್ಯಾಕರಣ ಅವಳನ್ನು ಬಿಟ್ಟುಕೊಟ್ಟಿರಲಿಲ್ಲ! 1920ರ ದಶಕದಲ್ಲಿ ಅಲ್ಲಿನ ಗುಂಡಿಗಳಿಂದ ಅವಳ ಒಡೆದ ವಿಗ್ರಹಗಳ ಚೂರುಗಳು ಸಿಕ್ಕವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿಟ್ಟ ಕೆಲವನ್ನು ಈಗಲೂ ನೋಡಬಹುದು. 2007ರಲ್ಲಿ ಒಂದು ಮಮ್ಮಿಯನ್ನು ಅವಳದೆಂದು ಘೋಷಿಸಲಾಯಿತು. ಆಧಾರ, ಅವಳ ಹೆಸರಿದ್ದ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಹಲ್ಲು. ಇದನ್ನು ಎಲ್ಲರೂ ಒಪ್ಪಿಲ್ಲ.

2021ರ ಏಪ್ರಿಲ್ 3ರಂದು ಕೈರೋದಲ್ಲಿ 22 ರಾಜಮಮ್ಮಿಗಳನ್ನು ಹೊಸ ವಸ್ತುಸಂಗ್ರಹಾಲಯಕ್ಕೆ ಮೆರವಣಿಗೆಯಲ್ಲಿ ಒಯ್ದರು. ಆ ಮಮ್ಮಿಯೂ ಅವುಗಳಲ್ಲಿತ್ತು. ಹದಿನೆಂಟು ರಾಜರು, ನಾಲ್ವರು ರಾಣಿಯರು ಎಂದು ಲೆಕ್ಕ ಕೊಟ್ಟರು. ಹಟ್ಶೆಪ್ಸುಟ್‌ಳನ್ನು ಸೇರಿಸಿದ್ದು ರಾಣಿಯರ ಸಾಲಿಗೆ.