ಒನೊರೆ ದೊಮಿಯೆ: ನಿಷೇಧ ಮತ್ತು ಸಂಕೇತ

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ರಾಜಕೀಯ ಪಕ್ಷಗಳನ್ನು ಜನಸಾಮಾನ್ಯರು ಗುರುತಿಸಿದ್ದು ಹೆಸರುಗಳಿಂದ ಮಾತ್ರವಲ್ಲ, ಸಂಕೇತಗಳಿಂದಲೂ ಹೌದು. ಆ ಸಂಕೇತಗಳನ್ನು ಬೆಳೆಸಿದವರಲ್ಲಿ ಒನೊರೆ ದೊಮಿಯೆ ಪ್ರಮುಖನು.

1808ರಲ್ಲಿ ಮಾರ್ಸೇ ನಗರದಲ್ಲಿ ಗಾಜಿನ ಕೆಲಸಗಾರನೊಬ್ಬನ ಮಗನಾಗಿ ಜನಿಸಿದ ದೊಮಿಯೆ ಬಾಲ್ಯದಲ್ಲಿಯೇ ಪ್ಯಾರಿಸ್ ಸೇರಿದನು. ನ್ಯಾಯಾಲಯದ ಅಮೀನನ ಬಳಿಯೂ ಪುಸ್ತಕದಂಗಡಿಯಲ್ಲಿಯೂ ದುಡಿದು, ಅನಂತರ ಕಲ್ಲಚ್ಚಿನ ಕಲೆಯನ್ನು ಕಲಿತನು. 1830ರ ಕ್ರಾಂತಿಯಿಂದ ಪಟ್ಟಕ್ಕೆ ಬಂದ ಲೂಯಿ ಫಿಲಿಪ್‌ನ ಆಳ್ವಿಕೆ ಬಹುಬೇಗ ಪತ್ರಿಕೆಗಳ ಮೇಲೆ ಮೊಕದ್ದಮೆಗಳನ್ನು ಹೂಡತೊಡಗಿತು. 1831ರಲ್ಲಿ ಸಂಪಾದಕ ಶಾರ್ಲ್ ಫಿಲಿಪೋನ್, ಅರಸನ ಮುಖವು ಹಂತಹಂತವಾಗಿ ಮರಸೇಬು ಹಣ್ಣಾಗುವುದನ್ನು ನ್ಯಾಯಾಲಯದಲ್ಲಿಯೇ ಬರೆದು ತೋರಿಸಿದನು. ಅಲ್ಲಿಂದ ಆ ಹಣ್ಣು ಅರಸನಿಗೂ ಅವನ ಪಕ್ಷಕ್ಕೂ ಗುರುತಾಯಿತು. ಅದೇ ವರ್ಷ ದೊಮಿಯೆ, ಬಡವರು ಹೊತ್ತು ತಂದ ಹಣವನ್ನು ನುಂಗುವ ದೈತ್ಯನಾಗಿ ಅರಸನನ್ನು ಚಿತ್ರಿಸಿದನು. ಇದಕ್ಕಾಗಿ ಅವನಿಗೆ ಆರು ತಿಂಗಳ ಶಿಕ್ಷೆಯಾಗಿ, 1832ರಲ್ಲಿ ಸೆರೆಮನೆ ಸೇರಬೇಕಾಯಿತು.

ಆದರೆ 1834ರ ಏಪ್ರಿಲ್‌ನಲ್ಲಿ ಸೈನಿಕರು ಪ್ಯಾರಿಸಿನ ತ್ರಾನ್ಸ್‌ನೊನೇನ್ ಬೀದಿಯ ಮನೆಯೊಂದಕ್ಕೆ ನುಗ್ಗಿ ನಿವಾಸಿಗಳನ್ನು ಕೊಂದಾಗ, ಅವನು ಯಾವ ಸಂಕೇತವನ್ನೂ ಬಳಸಲಿಲ್ಲ. ಮಲಗುವ ಉಡುಪಿನಲ್ಲಿ ಸತ್ತುಬಿದ್ದ ಗಂಡಸು, ಅವನ ದೇಹದಡಿ ಮಗು: ಇದನ್ನು ನೇರವಾಗಿಯೇ ತೋರಿಸಿದನು. ಕೊಲೆಯನ್ನು ಮರೆಮಾಡಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲವೆಂದು ನಾವು ಊಹಿಸಬಹುದು.

1835ರ ಕಾಯಿದೆ ಚಿತ್ರಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಅರಸನನ್ನು ಬರೆಯಲಾಗದಾದಾಗ ದೊಮಿಯೆ, ರಂಗಭೂಮಿಯ ವಂಚಕ ಪಾತ್ರವಾದ ರೋಬೇರ್ ಮಕೇರ್‌ನನ್ನು ಎರವಲು ಪಡೆದು ಹಣವಂತ ವರ್ಗದ ಮೋಸವನ್ನು ಬಯಲಿಗೆಳೆದನು. 1848ರ ಕ್ರಾಂತಿಯ ಬಳಿಕ ಗಣರಾಜ್ಯವನ್ನು ಮಕ್ಕಳಿಗೆ ಹಾಲೂಡುವ ತಾಯಿಯಾಗಿ ಕಲ್ಪಿಸಿದನು. 1850ರ ಸುಮಾರಿಗೆ ರೂಪಿಸಿದ ರಾತಪ್ವಾಲ್ ಎಂಬ ಪಾತ್ರ ಲೂಯಿ ನೆಪೋಲಿಯನ್‌ನ ಪುಂಡ ಬೆಂಬಲಿಗರ ಪ್ರತೀಕ: ಬಡಕಲು ಮೈ, ನಜ್ಜುಗುಜ್ಜಾದ ಟೋಪಿ, ಕೈಯಲ್ಲಿ ದೊಣ್ಣೆ. 1851ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ಬಲಪ್ರಯೋಗದಿಂದ ಅಧಿಕಾರ ಕಸಿದುಕೊಂಡಾಗ ಆ ಚಿತ್ರದ ಎಚ್ಚರಿಕೆ ನಿಜವಾಯಿತು.

ಸುಮಾರು 4,000 ಕಲ್ಲಚ್ಚು ಚಿತ್ರಗಳನ್ನು ರಚಿಸಿದ ದೊಮಿಯೆ ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡು, 1879ರಲ್ಲಿ ವಾಲ್ಮೊಂಡ್ವಾದಲ್ಲಿ ತೀರಿಕೊಂಡನು. 1870ರಲ್ಲಿ ಸರ್ಕಾರ ನೀಡಬಯಸಿದ ಗೌರವಪದಕವನ್ನು ಅವನು ನಿರಾಕರಿಸಿದ್ದನು. ನಿಷೇಧವು ಅವನ ಸಂಕೇತಗಳನ್ನು ಅಳಿಸಲಿಲ್ಲ. ಹೊಸ ಸಂಕೇತಗಳನ್ನು ಹುಡುಕುವಂತೆ ಮಾಡಿತು ಎಂಬುದನ್ನು ಈ ಜೀವನದಿಂದ ಗ್ರಹಿಸಬಹುದಾಗಿದೆ.